ತೊಡೆಮೂಳೆಯ ತಲೆ 42.8 ಮಿ.ಮೀ. ಇದ್ದರೆ ಹೆಣ್ಣೆಂದು ಬರೆಯಬಹುದೇ?

ಸಿಕ್ಕ ತೊಡೆಮೂಳೆ ಗಂಡಿನದೋ ಹೆಣ್ಣಿನದೋ ಎಂದು ಗುರುತಿಸುವಾಗ ಅಳತೆಗೂ ಮೂಳೆಯ ನೋಟಕ್ಕೂ ತಾಳೆಯಾಗದಿರಲು ಕಾರಣ ಬಹುಶಃ ನಿಮ್ಮ ಕೈತಪ್ಪಲ್ಲ, ನೀವು ಹೋಲಿಸಿದ ಕೋಷ್ಟಕ. ತಲೆಯ (ಸೊಂಟದ ಕುಳಿಯಲ್ಲಿ ಕೂರುವ ಗುಂಡನೆಯ ತುದಿಯ) ವ್ಯಾಸ ‘ಬಹುಶಃ ಹೆಣ್ಣು’ ಎಂಬ ಸಾಲಿಗೆ ಬೀಳುತ್ತಿದೆ, ಆದರೆ ಮೂಳೆ 45 ಸೆಂ.ಮೀ. ಉದ್ದವಿದ್ದು ಹಿಂಬದಿಯ ಏಣು ಒರಟಾಗಿ ಎದ್ದಿದೆ ಎಂದಿದ್ದೀರಿ. 41.5 ಮಿ.ಮೀ.ಗಿಂತ ಕಡಿಮೆಯಾದರೆ ಹೆಣ್ಣು, 45.5 ದಾಟಿದರೆ ಗಂಡು ಎಂಬ ಆ ಮಿತಿಗಳನ್ನು ಇಂಗ್ಲಿಷ್ ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ ಪಡೆದದ್ದು ಲಂಡನ್ನಿನ 17ನೇ ಶತಮಾನದ ಅಸ್ಥಿಗಳಿಂದ. ಸರಾಸರಿಯಲ್ಲಿ ಸಣ್ಣ ಮೈಕಟ್ಟಿನ ಭಾರತೀಯರಿಗೆ ಅವನ್ನು ಹಾಗೆಯೇ ಅನ್ವಯಿಸಿದರೆ ಗಂಡಸರ ಎಷ್ಟೋ ಮೂಳೆಗಳು ಹೆಂಗಸರ ಪಟ್ಟಿಗೆ ಸೇರಿಬಿಡುತ್ತವೆ.

ಮೊದಲು ಮೂಳೆಯ ಎರಡೂ ತುದಿಗಳು ನಡುವಿನ ದಂಡಕ್ಕೆ ಪೂರ್ತಿ ಬೆಸೆದುಕೊಂಡಿವೆಯೇ ಎಂದು ನೋಡಿ. ಬೆಸೆಯದಿದ್ದರೆ ಅದು ಬೆಳೆಯುತ್ತಿದ್ದವರ ಮೂಳೆ, ಈ ಅಳತೆಗಳು ಅದಕ್ಕೆ ಸಲ್ಲವು. ನಂತರ ವರ್ನಿಯರ್ ಕ್ಯಾಲಿಪರ್‌ನಿಂದ ತಲೆಯ ಲಂಬ ವ್ಯಾಸವನ್ನು, ಸಂಧಿವಾತದಿಂದ ಅಂಚಿನಲ್ಲಿ ಬೆಳೆದ ಮುಳ್ಳುಗಳನ್ನು ಬಿಟ್ಟು, ಮೂರು ಸಲ ಅಳೆಯಿರಿ. ಕೆಳತುದಿಯ ಅಗಲವನ್ನೂ ತೆಗೆದುಕೊಂಡು, ಎರಡನ್ನೂ ಸಾಧ್ಯವಾದಷ್ಟು ನಿಮ್ಮದೇ ಪ್ರದೇಶದ ಜನರ ಅಳತೆಗಳೊಂದಿಗೆ ಹೋಲಿಸಿ. ಉದ್ದ ಮತ್ತು ಏಣಿನ ಒರಟುತನಕ್ಕೆ ಹೆಚ್ಚು ತೂಕ ಕೊಡಬೇಡಿ. ದುಡಿದ ಹೆಂಗಸಿನ ಮೂಳೆಯೂ ಒರಟಾಗಿರುತ್ತದೆ.

ಅದೇ ವ್ಯಕ್ತಿಯ ಸೊಂಟದ ಮೂಳೆ ಸಿಕ್ಕಿದ್ದರೆ ಅದರ ಮಾತೇ ಮೇಲು: ಪ್ಯೂಬಿಸ್ (ಸೊಂಟದ ಮುಂಬದಿಯ ಮೂಳೆ) ಕೆಳಗಿನ ಕೋನವೂ ಸಯಾಟಿಕ್ ಕಚ್ಚೂ (ಹಿಂಬದಿಯ ಅಂಚಿನಲ್ಲಿರುವ ತಗ್ಗು) ಅಗಲವಾಗಿದ್ದರೆ ಹೆಣ್ಣು, ಕಿರಿದಾಗಿದ್ದರೆ ಗಂಡು ಎನ್ನಲು ಹೆಚ್ಚು ಆಧಾರವಿದೆ. ತೊಡೆಮೂಳೆ ಒಂದೇ ಇದ್ದು ಸ್ಥಳೀಯ ಅಳತೆಗಳಲ್ಲೂ ಅದು ನಡುವೆಯೇ ಬಿದ್ದರೆ, ವರದಿಯಲ್ಲಿ ‘ಅನಿಶ್ಚಿತ’ ಎಂದೇ ಬರೆದು, ಬಳಸಿದ ಕೋಷ್ಟಕವನ್ನು ಹೆಸರಿಸಿ.