ಕುಟುಂಬ ವೈದ್ಯರಾಗಲು ಎಂಬಿಬಿಎಸ್ ಪದವಿಯೊಂದೇ ಸಾಕೇ?

ಕಾನೂನಿನ ದೃಷ್ಟಿಯಿಂದ ಸಾಕು. ನೀಟ್ ಮೂಲಕ ಸೀಟು ಪಡೆದು, ನಾಲ್ಕೂವರೆ ವರ್ಷಗಳ ವ್ಯಾಸಂಗವನ್ನೂ ಒಂದು ವರ್ಷದ ಇಂಟರ್ನ್‌ಶಿಪ್ಪನ್ನೂ ಮುಗಿಸಿ, ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು ಸ್ವಂತ ಕ್ಲಿನಿಕ್ ತೆರೆಯಬಹುದು. ಕ್ಲಿನಿಕ್ಕಿಗೆ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ (ಕೆಪಿಎಂಇ) ಕಾಯ್ದೆಯಡಿ ಪ್ರತ್ಯೇಕ ನೋಂದಣಿ ಬೇಕು.

ಆದರೂ ಅಷ್ಟಕ್ಕೇ ನಿಲ್ಲಬಾರದೆಂಬುದು ನನ್ನ ದೃಢ ಅಭಿಪ್ರಾಯ. ಎಂಬಿಬಿಎಸ್ ಕಲಿಕೆ ಹೆಚ್ಚಾಗಿ ನಡೆಯುವುದು ದೊಡ್ಡ ಆಸ್ಪತ್ರೆಯ ವಾರ್ಡುಗಳಲ್ಲಿ, ಅಂದರೆ ಕಾಯಿಲೆ ಸ್ಪಷ್ಟ ರೂಪ ತಾಳಿದ ಮೇಲೆ ದಾಖಲಾದ ರೋಗಿಗಳ ನಡುವೆ. ಕುಟುಂಬ ವೈದ್ಯರ ಬಳಿ ಬರುವುದು ಎರಡು ದಿನದ ಜ್ವರ, ಕಾರಣ ತಿಳಿಯದ ಸುಸ್ತು, ಅಜ್ಜಿಯ ಸಕ್ಕರೆ ಕಾಯಿಲೆ, ಅದೇ ಮನೆಯ ಮಗುವಿನ ಲಸಿಕೆ. ಇವುಗಳಲ್ಲಿ ಯಾವುದನ್ನು ಕಾದು ನೋಡಬಹುದು, ಯಾವುದನ್ನು ಆ ಕ್ಷಣವೇ ತಜ್ಞರಿಗೆ ಕಳುಹಿಸಬೇಕು ಎಂಬ ವಿವೇಚನೆಗೆ ಬೇರೆಯದೇ ತರಬೇತಿ ಅಗತ್ಯ.

ಸ್ನಾತಕೋತ್ತರ ಪ್ರವೇಶ ಪರೀಕ್ಷೆಯಾದ ನೀಟ್ ಪಿಜಿ ಮೂಲಕ ಸೇರಬಹುದಾದ ಮೂರು ವರ್ಷಗಳ ಡಿಎನ್‌ಬಿ (ರಾಷ್ಟ್ರೀಯ ಪರೀಕ್ಷಾ ಮಂಡಳಿ ನೀಡುವ ಸ್ನಾತಕೋತ್ತರ ಅರ್ಹತೆ) ಫ್ಯಾಮಿಲಿ ಮೆಡಿಸಿನ್ ಇದಕ್ಕೆ ಸೂಕ್ತ ಮಾರ್ಗ. ಅದರಲ್ಲಿ ಮೆಡಿಸಿನ್, ಮಕ್ಕಳ ವಿಭಾಗ, ಹೆರಿಗೆ, ಶಸ್ತ್ರಚಿಕಿತ್ಸೆ ಮುಂತಾದ ವಿಭಾಗಗಳಲ್ಲಿ ಸರದಿಯಂತೆ ದುಡಿಯಬೇಕಾಗುತ್ತದೆ. ಇದೇ ವಿಷಯದಲ್ಲಿ ಎಂಡಿ ಸೀಟುಗಳೂ ಇವೆ, ಆದರೆ ಬಹಳ ಕಡಿಮೆ. ಈಗಾಗಲೇ ಕ್ಲಿನಿಕ್ ನಡೆಸುತ್ತಿರುವವರಿಗೆ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು (ಸಿಎಂಸಿ) ನಡೆಸುವ ಫ್ಯಾಮಿಲಿ ಮೆಡಿಸಿನ್ ದೂರಶಿಕ್ಷಣದ ಕೋರ್ಸ್ ಉಪಯುಕ್ತ.