ದೇಹ ಅದಲುಬದಲಾದರೆ ಪ್ರೀತಿ ಯಾರ ಕಡೆ?

‘ಸ್ವಿಚ್ಡ್’ ನೋಡಿದವರೆಲ್ಲ ಕೇಳುವ ಪ್ರಶ್ನೆ ಇದು: ಅಯುಮಿಯ ದೇಹದಲ್ಲಿ ಬೇರೊಬ್ಬಳಿದ್ದರೆ ಅವಳ ಹುಡುಗ ಪ್ರೀತಿಸಬೇಕಾದ್ದು ಯಾರನ್ನು?

2018ರಲ್ಲಿ ನೆಟ್‌ಫ್ಲಿಕ್ಸ್‌ಗೆ ಬಂದ ಈ ಜಪಾನಿ ಸರಣಿಯದು 6 ಕಂತು ಅಷ್ಟೇ. ಕೊಶಿರೊ ಜೊತೆ ಮೊದಲ ಡೇಟಿಗೆ ಹೊರಟ ಅಯುಮಿಗೆ ಸಹಪಾಠಿ ಉಮಿನೆಯ ಫೋನ್. ತಲೆಯೆತ್ತಿದರೆ ಆಕಾಶದಲ್ಲಿ ಕೆಂಪು ಚಂದ್ರ, ಕಟ್ಟಡದ ಮೇಲಿಂದ ಜಿಗಿಯುವ ಉಮಿನೆ. ಅಯುಮಿಗೆ ಪ್ರಜ್ಞೆ ತಪ್ಪುತ್ತದೆ. ಎಚ್ಚರವಾದಾಗ ಅಯುಮಿಗೆ ಉಮಿನೆಯ ಮುಖ!

ಆ ಮುಖದ ಹಿಂದಿರುವವಳು ಅಯುಮಿಯೇ ಎಂದು ಕೊಶಿರೊನ ಗೆಳೆಯ ಕಾಗಾ ಗುರುತಿಸುತ್ತಾನೆ. ಪ್ರಶ್ನೆಗೆ ಅರ್ಧ ಉತ್ತರ ಅಲ್ಲೇ ಇದೆ. ನನ್ನನ್ನು ಹೆಚ್ಚು ಕಾಡಿದ್ದು ಮಾತ್ರ ಉಮಿನೆ. ಚೆಂದದ ಮುಖ ಸಿಕ್ಕರೂ ಹಳೆಯ ಹೊಟ್ಟೆಕಿಚ್ಚು ಬಿಡಲಿಲ್ಲ. ಇತ್ತ ‘ಕುರೂಪಿ’ ಎನಿಸಿಕೊಂಡ ದೇಹದಲ್ಲೇ ಅಯುಮಿಗೆ ಸಹಪಾಠಿಗಳು ಹತ್ತಿರವಾಗುತ್ತಾರೆ. ಹಾಗಂತ ರೂಪ ಲೆಕ್ಕಕ್ಕಿಲ್ಲ ಅಂತಲ್ಲ. ಉಮಿನೆಯ ಸ್ವಭಾವ ಅಷ್ಟು ಕಹಿಯಾಗಿದ್ದೂ ಆ ರೂಪಕ್ಕೆ ಸಿಕ್ಕ ಹೀಯಾಳಿಕೆಯಿಂದಲೇ.