ಚಕ್ರ ಇಳಿದಿದೆ, ಹಸಿರು ದೀಪ ಹತ್ತಿಲ್ಲ

ಪ್ರಶ್ನೆ: ವಿಮಾನ ರಿಪೇರಿ ಕೋರ್ಸ್ ಓದುತ್ತಿದ್ದೇನೆ ಸರ್. ಪೈಪರ್ ಆರೋ ಅನ್ನೋ ಪುಟ್ಟ ವಿಮಾನದಲ್ಲಿ ಚಕ್ರ ಇಳಿದರೂ, ಚಕ್ರಕ್ಕೊಂದರಂತೆ ಇರುವ ಮೂರು ಹಸಿರು ದೀಪದಲ್ಲಿ ಒಂದು ಹತ್ತದಿದ್ದರೆ ಆ ಚಕ್ರದ ಸ್ವಿಚ್ಚನ್ನೇ ಬದಲಿಸಬೇಕಾ?
– ವಿದ್ಯಾರ್ಥಿ, ಹಾಸನ

ಉತ್ತರ: ಸ್ವಿಚ್ಚಿಗೆ ಆಮೇಲೆ ಕೈ ಹಾಕಿ. ಮೊದಲು ಬಲ್ಬ್. ಪಕ್ಕದ್ದು ಹತ್ತುತ್ತಿದೆ ಅಲ್ವಾ, ಅದನ್ನು ಕಿತ್ತು ಇಲ್ಲಿ ಹಾಕಿ. ಹತ್ತಿದರೆ ಹಳೇ ಬಲ್ಬೇ ಹೋಗಿದೆ. ಮೂರೂ ಕಾಣದಿದ್ದರೆ ನ್ಯಾವಿಗೇಷನ್ ಲೈಟ್ (ರೆಕ್ಕೆ ತುದಿ, ಬಾಲದ ದೀಪ) ಆನ್ ಇದೆಯಾ ನೋಡಿ. ಅದು ಆನ್ ಆದರೆ ಆರೋದಲ್ಲಿ ಈ ದೀಪಗಳು ಮಂಕಾಗುತ್ತವೆ, ಹಗಲಲ್ಲಿ ಆರಿದಂತೆಯೇ ಕಾಣುತ್ತವೆ.

ಬಲ್ಬ್ ಸರಿಯಿದ್ದರೆ ವಿಮಾನವನ್ನು ಜ್ಯಾಕ್ ಮೇಲೆ ಎತ್ತಿಯೇ ಮುಂದಿನ ಕೆಲಸ. ಚಕ್ರದ ಪ್ರತಿ ಕಾಲಿಗೂ, ಅದು ಇಳಿದು ಲಾಕ್ ಆದಾಗ ಹಸಿರು ದೀಪ ಹತ್ತಿಸುವ ಪುಟ್ಟ ಮೈಕ್ರೋಸ್ವಿಚ್ ಇರುತ್ತದೆ. ಸಕಲೇಶಪುರದ ಮಳೆಯಲ್ಲಿ ಬೈಕಿನ ಬ್ರೇಕ್ ಲೈಟ್ ಸ್ವಿಚ್ ಕೈಕೊಡುತ್ತಲ್ಲ, ಹಾಗೇ ಇದಕ್ಕೂ ಕೆಸರು, ನೀರು, ಗಟ್ಟಿಯಾದ ಗ್ರೀಸ್ ಶತ್ರು. ಒರೆಸಿ, ಮೀಟರ್ ಹಚ್ಚಿ, ಸ್ವಿಚ್ಚನ್ನು ಬೆರಳಲ್ಲಿ ಒತ್ತಿ ನೋಡಿ. ಆಮೇಲೆ ವೈರನ್ನು ಮೆಲ್ಲಗೆ ಅಲ್ಲಾಡಿಸಿ, ಯಾಕಂದ್ರೆ ಕಾಲು ಮಡಚುವ ಜಾಗದಲ್ಲಿ ಅದು ಬಾಗಿ ಬಾಗಿ ಒಳಗೇ ತುಂಡಾಗಿರುತ್ತದೆ, ಹೊರಗಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿರುತ್ತದೆ.

ದೀಪ ಹತ್ತಲಿ ಅಂತ ಸುಮ್ನೆ ಸ್ವಿಚ್ಚನ್ನು ಸರಿಸಬೇಡಿ. ಲಾಕ್ ಆಗುವ ಮೊದಲೇ ಹಸಿರು ತೋರಿಸಿದರೆ ಅಪಾಯ ಇನ್ನೂ ಜಾಸ್ತಿ. ಅಳತೆ ಮ್ಯಾನುಯಲ್‌ನಲ್ಲಿದ್ದಂತೆಯೇ ಇರಬೇಕು, ಲೈಸೆನ್ಸ್ ಇರುವ ಎಂಜಿನಿಯರ್ ಮುಂದೆಯೇ ಚಕ್ರವನ್ನು ಹಲವು ಸಲ ಎತ್ತಿಳಿಸಿ, ಅವರು ಸಹಿ ಹಾಕಿದ ಮೇಲೇ ಹಾರಾಟ.